ಕೆಂಪು ಫ್ರಿಜ್ಜಿನ ಚಂದಪ್ಪ

ಬಾದಾಮಿಯನ್ನು ಚಾಲುಕ್ಯರು ಸುಮಾರು ಇನ್ನೂರು ವರ್ಷ ಆಳಿದರೆಂದು ಗೈಡುಗಳು ಹೇಳುತ್ತಾರೆ. ಚಂದಪ್ಪ ಆಳಿದ್ದು ಅಷ್ಟಿಲ್ಲ. ಅವರಿಗೆ ಆನೆ, ಕುದುರೆ, ಕೋಟೆ ಇದ್ದವು; ಇವನಿಗೆ ಮೇಣಬಸದಿ ಗುಹೆಗಳ ಮೆಟ್ಟಿಲುಗಳ ಕೆಳಗೆ ಒಂದು ತಗಡಿನ ಅಂಗಡಿ, ಅದರೊಳಗೆ ಗಾಜಿನ ಬಾಗಿಲಿನ ಒಂದು ಕೆಂಪು ಫ್ರಿಜ್. ಹೋದ ಕಾರ್ತೀಕದಲ್ಲಿ ಎದೆ ಹಿಡಿದುಕೊಂಡು ಅಂಗಡಿಯ ಬಾಕಿನ ಮೇಲೆ ಕುಳಿತ ಚಂದಪ್ಪ ಮತ್ತೆ ಏಳಲಿಲ್ಲ. ಚಾಲುಕ್ಯರ ಕಥೆ ಬಂಡೆಯ ಮೇಲಿದೆ, ಇವನದು ಎಲ್ಲಿಯೂ ಇಲ್ಲ. ಆದ್ದರಿಂದ ಈ ದಿಗ್ವಿಜಯವನ್ನು ಕಾಗದದ ಮೇಲಾದರೂ ಬರೆದಿಡುತ್ತಿದ್ದೇನೆ.

ತಂಪು ಪಾನೀಯ ಮಾರಿಯೇ ಸಂಸಾರ ಸಾಗಿಸಿದ ಈ ಮಹಾಪುರುಷ ಜೀವಮಾನದಲ್ಲಿ ಒಂದು ಬಾಟ್ಲಿಯನ್ನೂ ಕುಡಿದವನಲ್ಲ. ಕುಡಿದರೆ ಮೂಗಿನಲ್ಲಿ ಚುರ್ ಅನ್ನುತ್ತದೆಂದು ಅವನ ದೂರು. ಮೊದಲು ಕುಳಗೇರಿ ಕ್ರಾಸಿನಲ್ಲಿ ಶೇಂಗಾ ಹುರಿದು, ಬಸ್ಸಿನ ಕಿಟಕಿಗಳಿಗೆ ಪೊಟ್ಟಣ ಎತ್ತಿ ಕೊಡುತ್ತಿದ್ದ. ಹೆಂಡತಿ ಹನಮವ್ವ, ಒಬ್ಬಳೇ ಮಗಳು ಕಸ್ತೂರಿ. ಮಗಳ ಹೆಸರು ಹೇಳುವಾಗಲೇ ಅವನ ದನಿ ಸ್ವಲ್ಪ ಮೆತ್ತಗಾಗುತ್ತಿತ್ತು. ಶೇಂಗಾ ಮಾರುವಾಗ ಊರು ಹಾರಿಹೋಗುವಂತೆ ಕೂಗುತ್ತಿದ್ದವನು ಇವನೇನಾ ಅನಿಸುತ್ತಿತ್ತು.

ಕಸ್ತೂರಿಗೆ ಆರು ವರ್ಷವಾದಾಗ ಸುಮ್ಮಸುಮ್ಮನೆ ನೀರು ಕುಡಿಯತೊಡಗಿದಳು. ಕುಡಿದಷ್ಟೂ ಒಣಗಿದಳು. ದೃಷ್ಟಿಯಾಗಿದೆ ಎಂದು ಓಣಿಯವರು ತೀರ್ಪು ಕೊಟ್ಟರು. ಒಂದು ಮುಂಜಾನೆ ಎಬ್ಬಿಸಿದರೆ ಏಳಲಿಲ್ಲ. ಬಾಗಲಕೋಟೆಯ ದವಾಖಾನೆಯಲ್ಲಿ ಕೂಸು ಕಣ್ಣು ಬಿಟ್ಟಾಗ ಡಾಕ್ಟರು ಚಂದಪ್ಪನನ್ನು ಪಕ್ಕಕ್ಕೆ ಕರೆದು, ಇದು ಸಕ್ಕರೆ ರೋಗ, ಮಕ್ಕಳಿಗೂ ಬರುತ್ತದೆ, ದಿನವೂ ಮುಂಜಾನೆ ಸಂಜೆ ಇನ್ಸುಲಿನ್ ಚುಚ್ಚಬೇಕು, ತಪ್ಪಿದರೆ ಮತ್ತೆ ಹೀಗೇ ಮಲಗುತ್ತಾಳೆ, ಮುಂದಿನ ಸಲ ಏಳುತ್ತಾಳೆಂದು ಹೇಳಲಾರೆ ಎಂದರು. ಔಷಧವನ್ನು ತಂಪಿನಲ್ಲಿಡಬೇಕು, ಮನೆಯಲ್ಲಿ ಫ್ರಿಜ್ ಇದೆಯೇ ಎಂದು ಕೇಳಿದರು.

‘ಐತ್ರಿ’ ಎಂದ ಚಂದಪ್ಪ.

ಇದ್ದದ್ದು ಮಣ್ಣಿನ ಗಡಿಗೆ. ಅದನ್ನು ಹಸಿ ಉಸುಕಿನಲ್ಲಿ ಹೂತು, ಒಳಗೆ ಸೀಸೆ ಇಟ್ಟು, ಗಂಡಹೆಂಡತಿ ಪಾಳಿಯ ಮೇಲೆ ನೀರು ಹನಿಸಿದರು. ಬಾದಾಮಿಯ ಬೇಸಿಗೆಯಲ್ಲಿ ಬಂಡೆಗಳು ಸಂಜೆಯಾದರೂ ಕಾದ ಹೆಂಚಿನಂತೆ ಇರುತ್ತವೆ. ಅದರ ಎದುರು ಒಂದು ಗಡಿಗೆಯ ಸೈನ್ಯ ಎಷ್ಟು ದಿನ ನಿಂತೀತು? ಚೈತ್ರದಲ್ಲಿ ಔಷಧ ಕೆಟ್ಟಿತು, ಹುಡುಗಿ ಮತ್ತೆ ಬಾಗಲಕೋಟೆ ಸೇರಿದಳು. ಆಗಲೇ ಬಾಟ್ಲಿ ಗಾಡಿಯ ಡ್ರೈವರ್ ನಜೀರಸಾಬ ಕ್ರಾಸಿನಲ್ಲಿ ಶೇಂಗಾ ತಿನ್ನುತ್ತ ಒಂದು ಮಾತು ಆಡಿದ. ತಂಪು ಪಾನೀಯ ಮಾರುವ ಅಂಗಡಿಗೆ ಕಂಪನಿಯವರೇ ಫ್ರಿಜ್ ಕೊಡುತ್ತಾರಂತೆ, ಬಿಟ್ಟಿ.

‘ಅಂಗಡಿ ಇದ್ದವರಿಗೆ ಅಷ್ಟ ಕೊಡ್ತಾರೇನು?’ ಎಂದು ಚಂದಪ್ಪ ಕೇಳಿದ.

‘ಮತ್ತ, ಶೇಂಗಾ ಬುಟ್ಟಿಗೆ ಕೊಡ್ತಾರೇನಪಾ?’

‘ಹಂಗಾರ ಅಂಗಡಿ ಇಡ್ತೇನಿ.’

ಅಂಗಡಿ ಇಟ್ಟು ಫ್ರಿಜ್ ತಂದವರು ಲೋಕದಲ್ಲಿ ಬೇಕಾದಷ್ಟು ಜನ. ಫ್ರಿಜ್ಜಿಗಾಗಿ ಅಂಗಡಿ ಇಟ್ಟವನು ಇವನೊಬ್ಬನೇ. ಶೇಂಗಾ ಬಾಣಲೆ ಮಾರಿದ, ಹನಮವ್ವನ ಕಿವಿಯ ಬೆಂಡೋಲೆ ಹೋದವು, ತಗಡು ಬಂತು. ಕಂಪನಿಯ ಲಾರಿಯಿಂದ ಕೆಂಪು ಫ್ರಿಜ್ ಇಳಿದಾಗ ಪಟ್ಟದಾನೆ ಇಳಿದಂತೆ ಚಂದಪ್ಪ ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದ.

ಆದರೆ ಸಂಗತಿ ಯಾರಿಗೂ ತಿಳಿಯಬಾರದು. ಹೆಣ್ಣುಮಗು, ನಾಳೆ ಒಂದು ಮನೆ ಸೇರಬೇಕಾದವಳು. ಸೂಜಿಯ ಮೇಲೆ ಬದುಕುವ ಹುಡುಗಿ ಎಂದು ಊರಿಗೆ ಗೊತ್ತಾದರೆ ಬಾಗಿಲಿಗೆ ಯಾರು ಬರುತ್ತಾರೆ ಎಂದು ಹನಮವ್ವನ ಚಿಂತೆ, ಚಂದಪ್ಪನದೂ ಅದೇ. ಔಷಧವನ್ನು ಬಾದಾಮಿಯಲ್ಲಿ ಕೇಳಲೇ ಇಲ್ಲ. ಪ್ರತಿ ತಿಂಗಳೂ ಬಾಗಲಕೋಟೆಗೆ ಹೋಗಿ ತರುತ್ತಿದ್ದ. ಗಾಜಿನ ಬಾಗಿಲಿನ ಫ್ರಿಜ್ಜಿನಲ್ಲಿ ಸೀಸೆ ಕಾಣಬಾರದೆಂದು ಅಮೀನಗಡದ ಕರದಂಟು ಮಿಠಾಯಿಯ ಖಾಲಿ ಡಬ್ಬಿಯೊಂದರಲ್ಲಿ ಹಾಕಿ ಮೇಲಿನ ಅರೆಯಲ್ಲಿಟ್ಟ. ಮುಂಜಾನೆ ಸಂಜೆ ಕಸ್ತೂರಿ ಡಬ್ಬಿಯನ್ನು ಮನೆಗೆ ಒಯ್ಯುವಳು, ಸ್ವಲ್ಪ ಹೊತ್ತಿಗೆ ತಿರುಗಿ ತರುವಳು. ಇಷ್ಟು ಕರದಂಟು ತಿನ್ನುವ ಹುಡುಗಿ ಹೀಗೆ ಕಡ್ಡಿಯಂತೆ ಹೇಗಿದ್ದಾಳೆಂದು ಪಕ್ಕದ ಎಳನೀರಿನ ಕಲ್ಲೇಶ ವರ್ಷಗಟ್ಟಲೆ ಬೆರಗಾದ.

ಕರದಂಟು ನಿಜವಾಗಿ ಹೋಗುತ್ತಿದ್ದುದು ಬೇರೆ ಹೊಟ್ಟೆಗೆ. ಚಂದಪ್ಪ ಮಾರುತಿಯ ಭಕ್ತ. ಮಗಳ ಹೆಸರಿನಲ್ಲಿ ಪ್ರತಿ ಶನಿವಾರ ಗುಡ್ಡದ ಮಂಗಗಳಿಗೆ ಕರದಂಟು ಹಂಚುವ ಹರಕೆ ಹೊತ್ತಿದ್ದ. ಅವುಗಳ ಮುಖಂಡ ಒಂದು ದೊಡ್ಡ ಗಂಡು. ದಿನವೂ ಅಂಗಡಿಗಳ ತಪಾಸಣೆಗೆ ಬರುವುದರಿಂದ ಎಲ್ಲರೂ ಅದನ್ನು ಸಾಹೇಬ ಎನ್ನುತ್ತಿದ್ದರು. ಯಾವ ಬಣ್ಣದ ಡಬ್ಬಿಯಲ್ಲಿ ಏನಿರುತ್ತದೆಂದು ಸಾಹೇಬನಿಗೆ ಕಲಿಸಿದವನು, ಹೀಗೆ, ಸ್ವತಃ ಚಂದಪ್ಪ. ಭಕ್ತಿಯಲ್ಲಿ ಮುಳುಗಿದವನಿಗೆ ಇದು ಹೊಳೆಯಲಿಲ್ಲ.

ಕಸ್ತೂರಿಗೆ ಹದಿನಾಲ್ಕು. ಮೇ ತಿಂಗಳ ಶನಿವಾರ, ಶಾಲೆಗೆ ರಜೆ, ಅಪ್ಪನ ಜೊತೆ ಅಂಗಡಿಯಲ್ಲಿದ್ದಳು. ಎರಡು ಬಸ್ಸಿನ ಪ್ರವಾಸಿಗರು ಒಮ್ಮೆಲೇ ಮುಗಿಬಿದ್ದರು. ಯಾರೋ ಬಾಟ್ಲಿ ತೆಗೆದುಕೊಂಡು ಫ್ರಿಜ್ಜಿನ ಬಾಗಿಲು ತೆರೆದೇ ಬಿಟ್ಟರು. ಸಾಹೇಬ ಬಂದ, ನೋಡಿದ, ಬಾಟ್ಲಿಗಳನ್ನು ಮುಟ್ಟಲಿಲ್ಲ. ಶನಿವಾರದ ತನ್ನ ಹಕ್ಕಿನ ಡಬ್ಬಿಯನ್ನು ಬಗಲಿಗೆ ಸಿಕ್ಕಿಸಿಕೊಂಡು ಕೆಂಪು ಬಂಡೆಯ ನಡುವಿನ ಅಂಚಿಗೆ ಹೋಗಿ ಕುಳಿತ. ಆ ತಿಂಗಳ ಎರಡೂ ಸೀಸೆಗಳು ಅದರಲ್ಲಿದ್ದವು.

ಮುಂದಿನದು ಮಹಾಯುದ್ಧ. ಚಂದಪ್ಪ ಮೊದಲು ಸಂಧಾನಕ್ಕೆ ಇಳಿದ. ಬಾಳೆಹಣ್ಣು ಎಸೆದ, ಬಿಸ್ಕೀಟು ಎಸೆದ, ನೇತುಹಾಕಿದ್ದ ಚಿಪ್ಸ್ ಸರವನ್ನೇ ಹರಿದು ಎಸೆದ. ಸಾಹೇಬನ ಪರಿವಾರ ಎಲ್ಲವನ್ನೂ ಸ್ವೀಕರಿಸಿತು, ಸಾಹೇಬ ಕದಲಲಿಲ್ಲ. ಕಲ್ಲು ಬೀಸುವಂತಿಲ್ಲ: ಮಾರುತಿಯ ಮೇಲೆ ಕೈ ಎತ್ತಿದಂತಾಗುತ್ತದೆ, ಮೇಲಾಗಿ ಸೀಸೆ ಒಡೆಯುತ್ತದೆ. ಕೊನೆಗೆ ಚಪ್ಪಲಿ ಬಿಟ್ಟು, ಹೊಟ್ಟೆ ಹೊತ್ತುಕೊಂಡು, ನಮ್ಮ ವೀರ ಬಂಡೆ ಏರತೊಡಗಿದ. ಒಂದಾಳು ಎತ್ತರ ಹೋಗಿ ಜಾರಿದ. ಮೊಣಕಾಲಿನ ಚರ್ಮ ಕಿತ್ತು ರಕ್ತ ಬಂತು. ಮತ್ತೆ ಏರಿದ, ಮತ್ತೆ ಜಾರಿದ. ಪ್ರವಾಸಿಗರು ಮೊಬೈಲ್ ಹಿಡಿದರು. ನಗದವರಿಲ್ಲ.

ಕಲ್ಲೇಶ ಎಳನೀರು ಕೆತ್ತುತ್ತಲೇ ಹೇಳಿದ, ‘ಏನಲೇ ಚಂದಪ್ಪ, ಒಂದ ಕರದಂಟಿನ ಡಬ್ಬಿಗೆ ಜೀವಾ ಕೊಡ್ತೀಯೇನ? ಇಳಿ, ನಾ ಎರಡ ಕೊಡಸ್ತೇನಿ.’

ಚಂದಪ್ಪ ಬಂಡೆಗೆ ಹಲ್ಲಿಯಂತೆ ಅಂಟಿಕೊಂಡೇ ತಿರುಗಿದ. ಎಂಟು ವರ್ಷ ಹಲ್ಲು ಕಚ್ಚಿ ಹಿಡಿದ ಮಾತು ಅವನ ಬಾಯಿಂದ ಇಡೀ ಪೇಟೆಯ ಎದುರು ಬಿತ್ತು.

‘ಅದರಾಗ ಕರದಂಟ ಇಲ್ಲೋ ಕಲ್ಲೇಶಾ. ನನ್ನ ಮಗಳ ಇಂಜಕ್ಷನ್ ಐತಿ. ಸಂಜಿಗೆ ಅದ ಸಿಗಲಿಲ್ಲಂದ್ರ ನನ್ನ ಕೂಸ ಉಳಿಯೂದಿಲ್ಲ.’

ನಗು ನಿಂತಿತು. ಕಲ್ಲೇಶನ ಕೈಯ ಕುಡಗೋಲು ನಿಂತಿತು. ಮೇಲೆ ಸಾಹೇಬ ಡಬ್ಬಿ ಹರಿದು, ಸೀಸೆಯೊಂದನ್ನು ಮೂಸಿ, ರಬ್ಬರಿನ ಮುಚ್ಚಳ ಕಚ್ಚಿ, ಇಂಥ ಕೆಟ್ಟ ಕರದಂಟನ್ನು ಕೊಟ್ಟವನ ಕಡೆ ಬೇಸರದಿಂದ ನೋಡಿ ಕೆಳಗೆ ಬಿಟ್ಟ. ಇನ್ನೊಂದನ್ನೂ ಬಿಟ್ಟ. ಬಂಡೆಯ ಮೇಲೆ ಒಂದು ಸಣ್ಣ ಒದ್ದೆ ಗುರುತು ಬಿತ್ತು. ಬಿಸಿಲಿಗೆ ಅದು ಆರುವುದನ್ನು ಚಂದಪ್ಪ ಅಂಟಿಕೊಂಡಲ್ಲಿಂದಲೇ ನೋಡಿದ.

ಆಮೇಲೆ ಇಳಿದು ಓಡಿದ. ಪೇಟೆಯ ಔಷಧದ ಅಂಗಡಿಗಳಲ್ಲಿ ವಯಸ್ಸಾದವರು ತೆಗೆದುಕೊಳ್ಳುವ ಬೇರೆ ನಮೂನೆಯ ಇನ್ಸುಲಿನ್ ಇತ್ತು, ಡಾಕ್ಟರು ಕಸ್ತೂರಿಗೆ ಬರೆದದ್ದು ಇರಲಿಲ್ಲ. ಕೇಳುವವರೇ ಇಲ್ಲವಲ್ಲ, ಒಂದು ಮಾತು ಹೇಳಿದ್ದರೆ ತರಿಸಿ ಇಡುತ್ತಿದ್ದೆವು ಎಂದರು ಅಂಗಡಿಯವರು. ಎಂಟು ವರ್ಷ ತಾನು ಕಟ್ಟಿದ ಕೋಟೆಯ ಬಾಗಿಲಿಗೆ ಚಂದಪ್ಪ ತಾನೇ ಹಣೆ ಬಡಿದುಕೊಂಡ. ತಿರುಗಿ ಬರುವಷ್ಟರಲ್ಲಿ ಬಾಟ್ಲಿ ಇಳಿಸಲು ನಜೀರಸಾಬನ ಗಾಡಿ ಬಂದಿತ್ತು. ಅರ್ಧ ಕೇಳಿದ ನಜೀರಸಾಬ ಬಾಗಿಲು ತೆರೆದು ಹತ್ತು ಎಂದ.

ಗಾಡಿ ಬಾಗಲಕೋಟೆಯ ದಾರಿ ಹಿಡಿಯಿತು. ನಜೀರಸಾಬ ರಸ್ತೆ ನೋಡುತ್ತಲೇ ಅಂದ, ‘ಫ್ರಿಜ್ಜಿನ ದಾರಿ ತೋರಿಸಿದಂವಾ ನಾ. ನನಗರೆ ಹೇಳಬೇಕಿತ್ತಿಲ್ಲೋ ಚಂದಪ್ಪಣ್ಣ.’

‘ನಿನಗ ಇಬ್ಬರೂ ಗಂಡಮಕ್ಕಳು ನಜೀರಸಾಬ’ ಎಂದ ಚಂದಪ್ಪ.

ಇತ್ತ ಅಂಗಡಿಯ ಮುಂದೆ ರಾಜಸಭೆ ಸೇರಿತ್ತು. ಹನಮವ್ವ ಓಡಿಬಂದು ಮಗಳನ್ನು ಸೆರಗಿನೊಳಗೆ ಎಳೆದುಕೊಂಡು ಕುಳಿತಿದ್ದಳು. ಇದು ಸಿಹಿ ತಿಂದು ಬಂದದ್ದೋ, ಹುಟ್ಟಾ ಬಂದದ್ದೋ, ಮುಟ್ಟಿದರೆ ಅಂಟುತ್ತದೋ, ಮುಂದೆ ಮಕ್ಕಳಾಗುತ್ತವೋ ಎಂದು ವಿದ್ವಾಂಸರು ಚರ್ಚಿಸಿದರು. ಒಬ್ಬಾಕೆ ಹಾಗಲಕಾಯಿ ರಸ ಎಂದಳು, ಇನ್ನೊಬ್ಬಾಕೆ ಮಹಾಕೂಟದ ಹೊಂಡದ ನೀರು ಎಂದಳು. ಕಸ್ತೂರಿ ಊಟ ಬಿಟ್ಟು ನೀರು ಕುಡಿಯುತ್ತ ಎಲ್ಲವನ್ನೂ ಕೇಳಿದಳು. ಹೊತ್ತು ಇಳಿದಂತೆ ತುಟಿ ಒಣಗಿತು, ಉಸಿರು ಭಾರವಾಯಿತು. ಆದರೆ ಅಮ್ಮನ ಸೆರಗನ್ನು ಮಾತ್ರ ಮುಖದಿಂದ ಸರಿಸಿದಳು.

ಹೊತ್ತು ಮುಳುಗುವ ಮೊದಲು ಗಾಡಿ ಬಂದು ನಿಂತಿತು. ಚಂದಪ್ಪ ಟವೆಲ್ಲಿನಲ್ಲಿ ಸುತ್ತಿದ ಐಸಿನ ಚೀಲವನ್ನು ಎದೆಗೆ ಅವಚಿಕೊಂಡು ಇಳಿದ. ಜನ ದಾರಿ ಬಿಟ್ಟರು, ಆದರೆ ಮನೆಗೆ ಹೋಗಲಿಲ್ಲ.

‘ಏಳವ್ವಾ, ಮನಿಗೆ ಹೋಗೂಣು’ ಎಂದ.

‘ಇಲ್ಲೇ ತಗೋತೇನಿ’ ಎಂದಳು ಕಸ್ತೂರಿ.

‘ಮಂದಿ ನೋಡಾಕತ್ತಾರ.’

‘ನೋಡ್ಲಿ ಬಿಡಪ್ಪಾ. ಇನ್ನ ಯಾರ ಮುಂದ ಮುಚ್ಚೂದು ಉಳದೈತಿ?’

ಬಾಕಿನ ಮೇಲೆ ನೆಟ್ಟಗೆ ಕುಳಿತು ಸೀಸೆ ಹಿಡಿದು, ಸಿರಿಂಜಿನಲ್ಲಿ ಔಷಧ ಎಳೆದಳು. ತೋಳಿಗೆ ಸೂಜಿ ಹಿಡಿದಳು. ಹಿಂದಿನವರು ಮುಂದಿನವರ ಹೆಗಲ ಮೇಲಿಂದ ಕತ್ತು ಚಾಚಿದರು. ಗೈಡುಗಳೂ ಪ್ರವಾಸಿಗರನ್ನು ಬಿಟ್ಟು ಬಂದರು. ಚಂದಪ್ಪ ಮಗಳ ಮುಂದೆ ಅಡ್ಡ ನಿಲ್ಲಲು ಹೆಜ್ಜೆ ಎತ್ತಿದವನು, ಅವಳ ಮುಖ ನೋಡಿ ತಡೆದ. ಆ ಹೆಜ್ಜೆಯನ್ನು ಫ್ರಿಜ್ಜಿನ ಕಡೆ ಇಟ್ಟು ಬಾಗಿಲು ತೆರೆದ.

‘ಪುಕ್ಕಟ ನೋಡಬ್ಯಾಡ್ರಿ. ಒಂದೊಂದ ಬಾಟ್ಲಿ ತಗೊಂಡ ನೋಡ್ರಿ’ ಎಂದ.

ಕೆಲವರು ನಾಚಿ ಆ ಕಡೆ ತಿರುಗಿದರು. ಉಳಿದವರು ತಗೊಂಡರು. ಕಸ್ತೂರಿ ಸೂಜಿ ಹೊರಗೆ ತೆಗೆಯುವವರೆಗೂ ಚಂದಪ್ಪ ಅವಳ ಕಡೆ ನೋಡಲಿಲ್ಲ. ಒಂದರ ಹಿಂದೊಂದು ಮುಚ್ಚಳ ತೆಗೆದು ಕೊಡುತ್ತಲೇ ಇದ್ದ, ಅರ್ಧ ಬಾಟ್ಲಿ ಚೆಲ್ಲಿಹೋದರೂ ಯಾರೂ ತಕರಾರು ಮಾಡಲಿಲ್ಲ.