ಸಾರೋಟಿನ ಎಡಗಡೆಯ ದೀಪ

ಬಳ್ಳಾರಿಗೆ ರೈಲು ಬಂದು ಒಂದಷ್ಟು ವರ್ಷ ಕಳೆದಿದ್ದ ಕಾಲ. ದಂಡಿನ ದೊರೆಯೊಬ್ಬ ಊರು ಬಿಡುವಾಗ ಮಾರಿದ ಹಳೆಯ ಸಾರೋಟನ್ನು ವಕೀಲ ಪ್ರಾಣೇಶರಾಯರು ಕೊಂಡಿದ್ದರು. ಅದನ್ನು ಹೊಡೆಯುವವನು ಎರ್ರಣ್ಣ. ಅದರ ಹಿತ್ತಾಳೆಯನ್ನೆಲ್ಲ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವವಳು ಅವನ ಹೆಂಡತಿ ಪಾರಮ್ಮ. ಎರಡು ಪಕ್ಕಕ್ಕೂ ದೀಪ, ಬಾಗಿಲಿಗೆ ಹಿಡಿಕೆ, ಒಂದೊಂದು ಗಾಲಿಯ ನಡುಮಧ್ಯಕ್ಕೂ ಬಟ್ಟಲಿನಂಥ ಮುಚ್ಚಳ. ಗಂಡ ಹೆಂಡತಿಗೆ ಮಕ್ಕಳಿರಲಿಲ್ಲ. ಅವಳು ತಿಕ್ಕುತ್ತಿದ್ದರೆ ಅವನು ಕುದುರೆಯ ಮೈ ಉಜ್ಜುತ್ತಾ ಮಾತಿಗೆ ಕೂಡುತ್ತಿದ್ದ.

ಆ ವರ್ಷದ ಮಳೆಗಾಲದಲ್ಲಿ ರಾಯರು ಸಿರುಗುಪ್ಪದಲ್ಲಿದ್ದರು. ಅವರನ್ನು ಕರೆತರಲು ಎರ್ರಣ್ಣ ಖಾಲಿ ಸಾರೋಟು ಹೊಡೆದುಕೊಂಡು ಹೋದ. ಬಾದನಹಟ್ಟಿ ದಾಟಿದ ಮೇಲೆ ಹಳ್ಳಕ್ಕೆ ಇಳಿದಾಗ ನೀರು ಒಮ್ಮೆಲೇ ಏರಿ ಬಂತು. ಕುದುರೆ ಹೇಗೋ ದಂಡೆ ಹತ್ತಿತು. ಸಾರೋಟು ಕೆಸರಿನಲ್ಲಿ ಮುರಿದು ಬಿದ್ದದ್ದು ಸಿಕ್ಕಿತು. ಎರ್ರಣ್ಣ ಸಿಗಲಿಲ್ಲ.

ಹೆಣ ಕಣ್ಣಿಂದ ಕಾಣುವ ತನಕ ಬಳೆ ಒಡೆಸಿಕೊಳ್ಳುವುದಿಲ್ಲವೆಂದು ಪಾರಮ್ಮ ಹಟ ಹಿಡಿದಳು. ಬಂಧುಗಳು ಹೇಳಿ ಹೇಳಿ ಸುಮ್ಮನಾದರು.

ಬಡಗಿ ಅಂಜಿನಪ್ಪ ಸಾರೋಟಿನ ಮರದ ಕೆಲಸ ಮುಗಿಸಿದ. "ಬಲಗಡಿ ದೀಪ ಒಂದು ಉಳದೈತಿ ನೋಡ್ರಿ ರಾಯರ. ಉಳಿದ ಹಿತ್ತಾಳಿ ಸಾಮಾನು ಎಲ್ಲಿಂದ ತರ್ಲಿ? ಮದರಾಸಿನಾಗೂ ಈಗ ಇಂಥವು ಸಿಗಂಗಿಲ್ಲ ಅಂತಾರ."

ರಾಯರ ಮುಖ ಗಂಟಾಯಿತು. ಕಂಬದ ಹಿಂದೆ ನಿಂತಿದ್ದ ಪಾರಮ್ಮ ಮೆಲ್ಲಗೆ ಅಂದಳು, "ನಾ ಹುಡುಕಿ ತರ್ತೀನ್ರಿ."

ಮನೆಯ ಮೇಲಿನ ನಿಯತ್ತು ಎಂದುಕೊಂಡು ರಾಯರು ತಲೆಯಾಡಿಸಿದರು. ಅವಳ ಲೆಕ್ಕ ಬೇರೆ ಇತ್ತು. ಹಿತ್ತಾಳೆ ಕೊಚ್ಚಿಕೊಂಡು ಹೋದ ಕಡೆಗೇ ಅವನೂ ಹೋಗಿರಬೇಕು.

ನೀರು ಇಳಿದ ಮೇಲೆ ಹಳ್ಳದ ಗುಂಟ ಹೊರಟಳು. ಮರಳು ಕೆದರಿದಳು, ಊರೂರಿನಲ್ಲಿ ಕೇಳಿದಳು. ಕುರುಗೋಡಿನ ಕಡೆ ಒಬ್ಬಳು ಗಾಲಿಯ ಮುಚ್ಚಳದಲ್ಲಿ ಕೋಳಿಗೆ ನೀರಿಟ್ಟಿದ್ದಳು. ಬಾಗಿಲ ಹಿಡಿಕೆ ಒಂದು ದನದ ಕೊಟ್ಟಿಗೆಯ ಗೂಟವಾಗಿತ್ತು. ಕೇಳಿದರೆ ಯಾರೂ ಕೊಡುವುದಿಲ್ಲವೆನ್ನಲಿಲ್ಲ. ಮನುಷ್ಯನೊಬ್ಬನನ್ನು ಕಂಡಿರಾ ಎಂದರೆ ಮಾತ್ರ ಎಲ್ಲರೂ ನೆಲ ನೋಡುತ್ತಿದ್ದರು.

ತೆಕ್ಕಲಕೋಟೆಯ ಕಡೆಗಿನ ಒಂದು ಕೊಂಪೆಯಲ್ಲಿ ದೊಡ್ಡಬಸಮ್ಮ ಎಂಬ ಮುದುಕಿಯ ಮನೆಗೆ ನೀರು ಕೇಳಲು ಹೋದಳು. ಗೋಡೆಯ ಗೂಡಿನಲ್ಲಿ ಸಾರೋಟಿನ ಎಡಗಡೆಯ ದೀಪವಿತ್ತು. ಪಾರಮ್ಮನಿಗೆ ಅದರ ತಗ್ಗು ತೆವರೆಲ್ಲ ಗೊತ್ತಿತ್ತು.

"ಇದು ಎಲ್ಲಿ ಸಿಕ್ತಬೇ?"

"ನಮ್ಮ ಹೊಲದ ದಂಡ್ಯಾಗ ಒಬ್ಬಾತ ತೇಲಿ ಬಂದು ಬಿದ್ದಿದ್ದನವ್ವ. ರುಮಾಲು ಬಿಚ್ಚಿ, ಈ ದೀಪಾನ ಹೊಟ್ಟಿಗೆ ಬಿಗಿದು ಕಟ್ಟಿಕೊಂಡಿದ್ದ. ಯಾವ ತಾಯಿ ಮಗನೋ ಅಂತ ನಾವ ಮಣ್ಣು ಮಾಡಿದ್ವಿ."

ಪಾರಮ್ಮ ದೀಪವನ್ನು ಗೂಡಿನಿಂದ ಕೈಗೆತ್ತಿಕೊಂಡಳು. ಹಿಂದಿನ ಬೇಸಿಗೆಯಲ್ಲಿ ಒಂದು ಮುಚ್ಚಳ ದಾರಿಯಲ್ಲಿ ಬಿದ್ದು ಹೋದಾಗ ರಾಯರು ನಾಲ್ಕು ಜನರೆದುರು ಎರ್ರಣ್ಣನನ್ನು ಬೈದಿದ್ದರು. ಅವನು ಹೊರಟ ಬೆಳಿಗ್ಗೆ ಅವಳೂ, "ದೀಪ ಜ್ವಾಕಿ," ಎಂದು ಕೂಗಿ ಹೇಳಿದ್ದಳು.

"ಅವಗ ಈಸು ಬರ್ತಿತ್ತಬೇ," ಅಂದಳು. "ಚಲೋ ಬರ್ತಿತ್ತು."

ದೊಡ್ಡಬಸಮ್ಮ ಅವಳನ್ನು ದಂಡೆಗೆ ಕರೆದೊಯ್ದು ಮಣ್ಣಿನ ದಿಬ್ಬ ತೋರಿಸಿದಳು. ಅಲ್ಲೇ ಕುಳಿತು ಪಾರಮ್ಮ ಬಳೆ ಒಡೆದುಕೊಂಡಳು.

ದೀಪ ರಾಯರ ಮನೆಯದು, ತಲುಪಿಸಲೇಬೇಕಿತ್ತು. ತಲುಪಿಸಿ, ಇದ್ದದ್ದನ್ನು ಇದ್ದಂತೆ ಹೇಳಿದಳು. ರಾಯರ ತಾಯಿ ತಿರುಮಲಮ್ಮನವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ರಾಯರು ದೀಪವನ್ನು ಪಕ್ಕಕ್ಕೆ ಸರಿಸಿದರು. "ಇದನ್ನ ಹಾಕೋದು ಬ್ಯಾಡ," ಎಂದರು. ಆದರೆ ಒಂದೇ ದೀಪದ ಸಾರೋಟು ಎಷ್ಟು ದಿನ ಓಡೀತು? ದಸರೆಯ ಹೊತ್ತಿಗೆ ಅಂಜಿನಪ್ಪ ಎಡಗಡೆಯದನ್ನೂ ಕೂರಿಸಿದ. ತಿಕ್ಕಲು ಪಾರಮ್ಮನನ್ನೇ ಕರೆದರು. ತಿಕ್ಕಿದಳು. ಸಾರೋಟು ಹೊಡೆಯಲು ಬಂದ ಹೊಸಬ ಚಾವಟಿ ಹಿಡಿದು ಹೊರಟಾಗ ಒಳಗೆ ಹೋಗಿಬಿಟ್ಟಳು.

ಆಮೇಲೆ ಆ ಮನೆಯ ಕೆಲಸ ಬಿಟ್ಟಳು. ಗಂಡನ ತಲೆದೆಸೆಗೆ ನೆಡಲು ಒಂದು ಕಲ್ಲು ಕಡೆಸಿ, ಮರುವರ್ಷದ ಮಳೆಗಾಲದಲ್ಲಿ ಎತ್ತಿನ ಬಂಡಿಯಲ್ಲಿ ಹಾಕಿಸಿಕೊಂಡು ಕೊಂಪೆಗೆ ಬಂದಳು. ದೊಡ್ಡಬಸಮ್ಮ ಬಾಗಿಲಲ್ಲೇ ತಡೆದಳು.

"ಈ ಸರ್ತಿ ಹಳ್ಳ ಬಾಳ ಬಂತವ್ವ. ದಂಡಿ ಕುಸೀತು."

ದಂಡೆಗೆ ಹೋಗಿ ನೋಡಿದರೆ ದಿಬ್ಬವಿದ್ದ ಕಡೆ ನೀರು ಹರಿಯುತ್ತಿತ್ತು. ಪಾರಮ್ಮ ಅಳಲಿಲ್ಲ. ಬಂಡಿಯವನು ಕಲ್ಲನ್ನು ಎಲ್ಲಿ ಇಳಿಸಲಿ ಎಂದು ಕೇಳಿದ. ದೊಡ್ಡಬಸಮ್ಮ ಅವಳ ಕೈ ಹಿಡಿದು ಮನೆಯೊಳಗೆ ಕರೆದುಕೊಂಡು ಹೋದಳು.