ಅನಾಯ್, ಇರಿಟೇಟ್ ಮತ್ತು ಅವ್ವ

ತುರುವೇಕೆರೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಕಾಲ. ಹುಡುಗಿಯೊಬ್ಬಳು ಎದ್ದು ನಿಂತು, “ಅನಾಯ್ ಅಂದ್ರೂ ಕಿರಿಕಿರಿ, ಇರಿಟೇಟ್ ಅಂದ್ರೂ ಕಿರಿಕಿರಿ. ಎರಡ್ಯಾಕೆ ಮಿಸ್?” ಎಂದಳು. ನಿಘಂಟು ಅವಳ ಪರವಾಗಿಯೇ ಇತ್ತು. ನನ್ನದು ಸೋಲೊಪ್ಪುವ ಜಾಯಮಾನವಲ್ಲ. ಇರಿಟೇಟ್ ಮೈಗೆ ಹತ್ತಿರದ್ದು, ಹೊಸ ರವಿಕೆ ಚುಚ್ಚಿದರೂ ನೊಣ ಮೂಗಿನ ಮೇಲೆ ಕೂತರೂ ಸಾಕು. ಅನಾಯ್ ಆಗಬೇಕಾದರೆ ಸಾಮಾನ್ಯವಾಗಿ ಎದುರಿಗೊಬ್ಬರಿರಬೇಕು, ‘ಇವಳು ಹೀಗೆ ಮಾಡಬಾರದಿತ್ತು’ ಅನ್ನಿಸಬೇಕು ಎಂದೆ. ಇಂಗ್ಲಿಷರು ಒಪ್ಪುತ್ತಾರೋ ಇಲ್ಲವೋ, ಹುಡುಗಿ ಒಪ್ಪಿದಳು.

ಹಾಗೆ ಹೇಳುವಾಗ ನನ್ನ ಕಣ್ಣೆದುರು ಇದ್ದವಳು ಅವ್ವ. ಅರಳಗುಪ್ಪೆ ಹತ್ತಿರದ ನಮ್ಮೂರಲ್ಲಿ ಅಣ್ಣನ ಜೊತೆಗಿದ್ದಳು. ಮೂಗಿನ ತುದಿಯಲ್ಲೇ ಕೋಪ. ನಾನು ಕೂತರೂ ತಪ್ಪು, ನಿಂತರೂ ತಪ್ಪು. ನನಗೆ ಮಕ್ಕಳಾದ ಮೇಲೂ “ಬುದ್ಧಿ ಎಲ್ಲಿಟ್ಟಿದ್ದೀಯೇ?” ಎಂದು ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು. ನಾನೂ ಬಿಡುತ್ತಿರಲಿಲ್ಲ. ತಾಯಿಯಂತೆ ಮಗಳು, ನೂಲಿನಂತೆ ಸೀರೆ.

ಆಮೇಲೆ ಅವಳಿಗೆ ಮರೆವು ಹತ್ತಿತು. ಮೊದಲು ಉಂಡದ್ದನ್ನು ಮರೆತಳು, ಬರಬರುತ್ತಾ ನನ್ನನ್ನು. ಬಿಸಿಲು, ಮಿಕ್ಸಿಯ ಸದ್ದು, ಸೀರೆಯ ಅಂಚು ಎಲ್ಲಕ್ಕೂ ಸಿಡಿಮಿಡಿಗುಟ್ಟುವಳು. ನನ್ನ ಮೇಲೆ ಮಾತ್ರ ರೇಗುತ್ತಿರಲಿಲ್ಲ. ನನ್ನನ್ನು ಕಂಡರೆ ಸೆರಗು ಸರಿಮಾಡಿಕೊಂಡು ಚಾಪೆ ಹಾಸುವಳು. “ನಿಮ್ಮವ್ವ ಈಗ ಎಷ್ಟ್ ಮೆತ್ಗಾಗೌಳೆ ಕಣೇ” ಎಂದು ಪಕ್ಕದ ಮನೆಯವರು ಸಂತೋಷಪಟ್ಟರು. ನನಗೋ, ಒಂದೇ ಒಂದು ಬೈಗುಳ ಸಿಕ್ಕರೆ ಸಾಕಿತ್ತು.

ಒಂದು ಭಾನುವಾರ ನಾನು ಹೋದಾಗ ಅಣ್ಣ ಅಟ್ಟದಿಂದ ಕಾಯಿ ಇಳಿಸಿದ್ದ. ವರ್ಷವಿಡೀ ಒಣಗಿದ ಕಾಯಿಯ ಕರಟ ಒಡೆದು ಕೊಬ್ಬರಿಯನ್ನು ಉಂಡೆಯಾಗಿಯೇ ತೆಗೆಯಬೇಕು. ಮಚ್ಚು ತಾಗಿ ಹೋಳಾದರೆ ಬೆಲೆ ಬಿದ್ದುಹೋಗುತ್ತದೆ. ಹಾಗೆ ಕೈ ತಪ್ಪಿದವರ ಜನ್ಮ ಜಾಲಾಡದೆ ಅವ್ವ ಎಂದೂ ಬಿಟ್ಟವಳಲ್ಲ. ನಾನು ಅವಳ ಎದುರಿಗೇ ಕೂತು, ಬೇಕೆಂದೇ ಮಚ್ಚನ್ನು ಜೋರಾಗಿ ಹಾಕಿದೆ. ಕೊಬ್ಬರಿ ಎರಡಾಯಿತು. ಎರಡೂ ಹೋಳನ್ನು ಅವಳ ಮುಂದೆ ಹಿಡಿದೆ.

ಅವ್ವನ ಹುಬ್ಬು ಗಂಟಿಕ್ಕಿತು. ನಾನು ಬೈಗುಳಕ್ಕೆ ಕಾದೆ. ಅವಳು ನನ್ನ ಕೈಯಿಂದ ಮಚ್ಚನ್ನು ಮೆಲ್ಲಗೆ ತೆಗೆದಿಟ್ಟು, ಅಣ್ಣನ ಕಡೆ ತಿರುಗಿ ರೇಗಿದಳು.

“ಮನೆಗ್ ಬಂದೋರ್ ಕೈಲಿ ಕೆಲ್ಸ ಮಾಡುಸ್ತೀಯೇನ್ಲಾ? ನಾಚ್ಕೆ ಆಗಕಿಲ್ವಾ ನಿಂಗೆ?”

ಆಮೇಲೆ ನನ್ನ ಕಡೆ ನೋಡಿ ನಕ್ಕಳು. “ಬೇಜಾರ್ ಮಾಡ್ಕಬ್ಯಾಡಿ ಕಣ್ರೀ. ನನ್ನ್ ಮಗ ಅವ್ನು.”