ನೋಡ್ಲಿಕ್ಕೆ ಎಂತ ಉಂಟು?

ಕುವೈತಿನ ಮಹಬೂಲಾದ ನಮ್ಮ ಕಟ್ಟಡದಲ್ಲಿ ಲಿಫ್ಟು ನೆಲದಿಂದ ಹನ್ನೊಂದನೆಯ ಮಹಡಿ ಮುಟ್ಟುವಷ್ಟರಲ್ಲಿ ಒಬ್ಬ ಮನುಷ್ಯನ ಇಡೀ ರಜೆಯನ್ನು ವಿಚಾರಣೆಗೆ ಒಳಪಡಿಸಿ ತೀರ್ಪನ್ನೂ ಕೊಟ್ಟುಬಿಡಬಹುದು. ಈದ್ ರಜೆಯಲ್ಲಿ ನಾನೂ ಹೆಂಡತಿಯೂ ಒಂದು ಜ್ವಾಲಾಮುಖಿ ದ್ವೀಪದ ಪುಟ್ಟ ಊರಿನಲ್ಲಿ ಐದು ದಿನ ತಂಗಿ ಬಂದೆವು ಎಂದದ್ದೇ ತಡ, ಪಕ್ಕದ ಫ್ಲ್ಯಾಟಿನ ಮಂಗಳೂರಿನ ಲ್ಯಾನ್ಸಿ ಹುಬ್ಬೇರಿಸಿದರು.

“ಒಂದು ಮಾಲ್ ಸಹ ಇಲ್ವಾ? ಮತ್ತೆ ಅಲ್ಲಿ ನೋಡ್ಲಿಕ್ಕೆ ಎಂತ ಉಂಟು ಮಾರಾಯ್ರೆ?”

ನನಗೆ ಮೈಯೆಲ್ಲ ಉರಿದುಹೋಯಿತು. ಎಂತ ಉಂಟಂತೆ! ಮೋಡ ಹೊದ್ದು ಮಲಗಿದ ಬೆಟ್ಟವಿದೆ, ಹಾರ್ನ್ ಎಂಬುದನ್ನೇ ಅರಿಯದ ಒಂದೇ ಒಂದು ಬೀದಿಯಿದೆ, ಬೆಳಗಾದರೆ ಕೊರಳಿಗೆ ದುರ್ಬೀನು ಬಿಗಿದುಕೊಂಡು ಹಕ್ಕಿಗಳ ಹಿಂದೆ ಹೊರಡುವ ಪ್ರಕೃತಿಪ್ರಿಯರ ದಂಡೇ ಇದೆ. ಎ.ಸಿ.ಯ ಗುರುಗುಟ್ಟುವಿಕೆಯಿಲ್ಲದೆ ಕಣ್ಣು ಮುಚ್ಚದ ಕುವೈತ್ ಪ್ರಾಣಿಯಾದ ನಾನು ಆ ಪರಮ ನಿಶ್ಶಬ್ದದಲ್ಲಿ ಮಧ್ಯಾಹ್ನದ ನಿದ್ದೆ ಬಾರದೆ ಒದ್ದಾಡಿದ್ದು ನಿಜ. ಅದನ್ನು ಲ್ಯಾನ್ಸಿಗೆ ಹೇಳುವ ಅಗತ್ಯವಿರಲಿಲ್ಲ. ನಾವು ತಂಗಿದ್ದ ಮನೆಯ ಒಡತಿ ಊಟಕ್ಕೆ ಟೊಮೆಟೊ ಹೆಚ್ಚಿಟ್ಟು, ಆಮೇಲೆ ಹಿತ್ತಲಿಗೆ ಕರೆದೊಯ್ದು, ಬೆಟ್ಟ ಎಂದೋ ಉಗುಳಿದ ಬೂದಿಯ ಕರಿಮಣ್ಣನ್ನು ಅಂಗೈಯಲ್ಲಿ ಹಿಡಿದು ತೋರಿಸಿದಳು. ನಾನು ಗದ್ಗದಿತನಾಗಿ ಆ ಮಣ್ಣಿನ ಟೊಮೆಟೊ ಗಿಡದ ಮುಂದೆ ಮಂಡಿಯೂರಿ ನಲವತ್ತು ಫೋಟೊ ತೆಗೆದೆ.

ಇದನ್ನೆಲ್ಲ ಒಂದು ಉಗ್ರ ಭಾಷಣವಾಗಿ ಹೊಸೆಯುತ್ತ ಮನೆಯಲ್ಲಿ ಕೂತಿದ್ದಾಗ ಬಸಪ್ಪನ ಫೋನು ಬಂತು. ಬಸಪ್ಪ ನಮ್ಮ ಬಾಗಲಕೋಟೆ ಕಡೆಯವನು, ಇಲ್ಲೇ ಮರಳುಗಾಡಿನಂಚಿನ ವಫ್ರಾದ ತೋಟವೊಂದರ ಹಸಿರುಮನೆಯಲ್ಲಿ ಟೊಮೆಟೊ ಬೆಳೆಯುತ್ತಾನೆ. ಒಂಬತ್ತು ವರ್ಷಗಳಿಂದ ಪ್ರತಿ ಚಳಿಗಾಲವೂ ಅವನು ಕರೆಯುವುದು, ನಾನು “ಬರೋ ಶುಕ್ರವಾರ ಖಂಡಿತ” ಅನ್ನುವುದು ನಡೆದೇ ಇದೆ. ನೀವೂ ಇಲ್ಲಿಯವರಾದರೆ ಬಲ್ಲಿರಿ, ನಮ್ಮ ಪಂಚಾಂಗದಲ್ಲಿ ಬರುವ ಶುಕ್ರವಾರ ಎಂಬ ದಿನ ಎಂದೂ ಬರುವುದಿಲ್ಲ.

“ಸಾಹೇಬ್ರ, ಖಲಾಸ್. ಇಕಾಮಾ ಕ್ಯಾನ್ಸಲ್ ಆತು, ಇಲ್ಲಿರೋ ಪರವಾನಗಿನ ಹೋತು. ಶನಿವಾರ ಮುಂಜಾನೆ ಊರಿಗೆ ಹೊಂಟೀನಿ, ಇನ್ನ ಬರಂಗಿಲ್ಲ. ನಾ ಹಚ್ಚಿದ ಗಿಡಾ ನೀವು ಒಮ್ಮ್ಯಾರ ನೋಡಬೇಕಿತ್ರಿ.”

ಅವನು ಮೊದಲ ಸಲ ಕರೆದಾಗ ನಾನು ಅಂದದ್ದು ಆಗ ನೆನಪಾಯಿತು: “ಅಲ್ಲೇನೈತೋ ಬಸಪ್ಪ ನೋಡಾಕ?” ಅವನು ಸುಮ್ಮನೆ ನಕ್ಕಿದ್ದ. ಥೂ, ನನ್ನ ಜನ್ಮಕ್ಕಿಷ್ಟು! ಸಮುದ್ರ ದಾಟಿ ಯಾರದೋ ಟೊಮೆಟೊ ಗಿಡಕ್ಕೆ ಮಂಡಿಯೂರಿದ ಈ ರಸಿಕಶಿಖಾಮಣಿಗೆ, ಒಂದು ತಾಸಿನ ಹಾದಿಯಲ್ಲಿ, ಬರೀ ಮರಳಿನಲ್ಲಿ ಅದನ್ನೇ ಬೆಳೆದ ತನ್ನ ಊರಿನವನ ಹತ್ತಿರ ಹೋಗಲು ಒಂಬತ್ತು ವರ್ಷ ಪುರುಸೊತ್ತಾಗಲಿಲ್ಲ. ಆ ಕಡೆ ಬಸ್ಸು ಅಪರೂಪ, ಬಸಪ್ಪನಿಗೆ ಕಾರಿಲ್ಲ. ನನಗಿದೆ.

ಮರುದಿನವೇ ಶುಕ್ರವಾರ. ಕಾರಿನ ಕೀಲಿ ಹಿಡಿದು ಲಿಫ್ಟಿಗೆ ಕಾಲಿಟ್ಟರೆ ಅದೇ ಲ್ಯಾನ್ಸಿ. ವಫ್ರಾಕ್ಕೆ ಹೊರಟೆ ಎಂದೆ.

“ವಫ್ರಾದಲ್ಲಿ ನೋಡ್ಲಿಕ್ಕೆ ಎಂತ ಉಂಟು ಮಾರಾಯ್ರೆ?”

ಹೊಸೆದಿಟ್ಟ ಭಾಷಣವನ್ನು ಬದಿಗಿಟ್ಟು ನೆಲಮಹಡಿಯ ಗುಂಡಿ ಒತ್ತಿದೆ.

“ಬಸಪ್ಪ ಇದ್ದಾನೆ,” ಎಂದೆ. “ಇವತ್ತೊಂದು ದಿನ.”